ಪಂಕ್ ಹುಡುಗರ ಜಾತಕ ಬೇಡ, ಜಮಾಖರ್ಚು ನೋಡಿ

ಓದುಗರ ಪತ್ರ: ನೀವು ಕಳೆದ ಸಂಚಿಕೆಯಲ್ಲಿ ಹೊಗಳಿದ ಬೆಂಗಳೂರಿನ ಪಂಕ್ ರಾಕ್ ಬ್ಯಾಂಡಿನ ಕಾರ್ಯಕ್ರಮಕ್ಕೆ ಮಗಳ ಜೊತೆ ಹೋಗಿದ್ದೆ. ಹುಡುಗರಿಗೆ ಐಟಿ ಕೆಲಸ, ಬಂದಿದ್ದು ಅಪ್ಪನ ಕಾರಲ್ಲಿ. ಗಿಟಾರಿಗೆ ಶ್ರುತಿಯೂ ಇರಲಿಲ್ಲ. ಪಂಕ್ ಅಂದರೆ ಲಂಡನ್ನಿನ ನಿರುದ್ಯೋಗಿ ಹುಡುಗರ ಸಿಟ್ಟು. ಹೊಟ್ಟೆ ತುಂಬಿದವರು ಹಾಡಿದರೆ ಅದು ಬರೀ ಶೋಕಿ ಅಲ್ಲವೇ? ನನ್ನ ಮಗಳೂ ರಮೋನ್ಸ್ ಅನ್ನೋ ಅಮೆರಿಕದ ಪಂಕ್ ಬ್ಯಾಂಡಿನ ಟೀಶರ್ಟ್ ಹಾಕಿಕೊಂಡು ಓಡಾಡುತ್ತಾಳೆ, ಅವರ ಒಂದು ಹಾಡೂ ಕೇಳಿಲ್ಲ. ಅವಳಿಗೆ ಏನು ಹೇಳಲಿ?
- ಬಸವನಗುಡಿಯ ಓದುಗರು

ಸಂಪಾದಕರ ಉತ್ತರ:

ಸಾರ್, ಟಿಕೆಟ್ ತಗೊಂಡು ಹೋಗಿ, ಕೊನೆವರೆಗೆ ಕೇಳಿ, ಆಮೇಲೆ ಬೈದಿದ್ದೀರಿ. ಖುಷಿಯಾಯಿತು. ನಮಗೆ ಕೇಳದೆ ಬೈಯುವವರ ಪತ್ರಗಳೇ ಜಾಸ್ತಿ.

ಮೊದಲು ಲಂಡನ್ನಿಗೇ ಹೋಗೋಣ. ಸೆಕ್ಸ್ ಪಿಸ್ಟಲ್ಸ್ ಬ್ಯಾಂಡ್ 1975ರಲ್ಲಿ ಹುಟ್ಟಿದ್ದು ಕಿಂಗ್ಸ್ ರೋಡಿನ ಒಂದು ಬಟ್ಟೆ ಅಂಗಡಿಯಲ್ಲಿ ಅಂದರೂ ತಪ್ಪಿಲ್ಲ. ಅಂಗಡಿ ನಡೆಸುತ್ತಿದ್ದ ಮಾಲ್ಕಮ್ ಮೆಕ್‌ಲಾರೆನ್ನೇ ಬ್ಯಾಂಡಿನ ಮ್ಯಾನೇಜರ್. ಹಾಡುಗಾರ ಜಾನ್ ಲೈಡನ್‌ನನ್ನು ಆರಿಸಿದ್ದು ಜ್ಯೂಕ್‌ಬಾಕ್ಸಿನ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಹಾಡಿಗೆ ಅವನು ಬಾಯಾಡಿಸಿ ತೋರಿಸಿದ್ದನ್ನು ನೋಡಿ. ಲೈಡನ್ ಮಾತ್ರ ನೀವು ಹೇಳುವಂಥ ಹುಡುಗನೇ, ಫಿನ್ಸ್‌ಬರಿ ಪಾರ್ಕಿನ ಬಡ ಐರಿಷ್ ಮನೆಯವನು.

ಇನ್ನು ಲಂಡನ್ನಿನದೇ ದಿ ಕ್ಲ್ಯಾಶ್ ಬ್ಯಾಂಡಿನ ಹಾಡುಗಾರ ಜೋ ಸ್ಟ್ರಮ್ಮರ್. ಅಸಲಿ ಹೆಸರು ಜಾನ್ ಮೆಲರ್. ಹುಟ್ಟಿದ್ದು ಅಂಕಾರದಲ್ಲಿ, ಓದಿದ್ದು ಬೋರ್ಡಿಂಗ್ ಶಾಲೆಯಲ್ಲಿ, ಅಪ್ಪ ಬ್ರಿಟಿಷ್ ವಿದೇಶಾಂಗ ಇಲಾಖೆಯ ಅಧಿಕಾರಿ. ಆ ಅಪ್ಪ ಹುಟ್ಟಿದ್ದು ನಮ್ಮ ಲಕ್ನೋದಲ್ಲಿ! ನಿಮ್ಮ ಲೆಕ್ಕದಲ್ಲಿ ಸ್ಟ್ರಮ್ಮರ್ ಬಾಗಿಲಲ್ಲೇ ಫೇಲು. ಆದರೆ ಪಂಕ್ ಇತಿಹಾಸದಿಂದ ಅವನನ್ನು ತೆಗೆದರೆ ಉಳಿಯೋದೇನು?

1977ರ ಜನವರಿಯಲ್ಲಿ ಕ್ಲ್ಯಾಶ್ ಒಂದು ಲಕ್ಷ ಪೌಂಡಿಗೆ ಸಿಬಿಎಸ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಗೆ ಸಹಿ ಹಾಕಿತು. ಪಂಕ್ ಅವತ್ತೇ ಸತ್ತುಹೋಯಿತು ಅಂದ, ಸ್ನಿಫಿನ್ ಗ್ಲೂ ಅನ್ನೋ ಪುಟ್ಟ ಪತ್ರಿಕೆಯ ಮಾರ್ಕ್ ಪೆರಿ. ಅವನು ಸ್ಟ್ರಮ್ಮರನ ಅಪ್ಪ ಯಾರು ಅಂತ ಕೇಳಲಿಲ್ಲ ನೋಡಿ, ಕರಾರು ಕೇಳಿದ. ತೀರ್ಪು ಸ್ವಲ್ಪ ಕಟುವಾಯಿತು. 1979ರಲ್ಲಿ ಇದೇ ಕ್ಲ್ಯಾಶ್ ಎರಡು ರೆಕಾರ್ಡಿನ ಆಲ್ಬಮ್ಮನ್ನು ಒಂದರ ಬೆಲೆಗೆ ಮಾರಿಸಿತು. ಆದರೂ ಪೆರಿ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ದುಡ್ಡು ಯಾರದು, ಬೆಲೆ ಕಟ್ಟಿದವರು ಯಾರು, ಬೇಡ ಅನ್ನೋ ಅಧಿಕಾರ ಯಾರ ಕೈಯಲ್ಲಿದೆ?

ನನಗೆ ತುಂಬಾ ಇಷ್ಟವಾದ ಉದಾಹರಣೆ ಮ್ಯಾಂಚೆಸ್ಟರಿನದು. ಅದೇ ಜನವರಿಯಲ್ಲಿ ಬಜ್‌ಕಾಕ್ಸ್ ಬ್ಯಾಂಡಿನ ಹುಡುಗರು ಮನೆಯವರ, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಎತ್ತಿ, ನಾಲ್ಕು ಹಾಡಿನ ರೆಕಾರ್ಡನ್ನು ತಾವೇ ಹೊರತಂದರು. ಮೊದಲು ಒತ್ತಿಸಿದ್ದು 1,000 ಪ್ರತಿ. ಹೊದಿಕೆಯ ಫೋಟೊ ಅವರ ಮ್ಯಾನೇಜರ್ ಪೋಲರಾಯ್ಡಿನಲ್ಲಿ ತೆಗೆದದ್ದು. ಹಿಂಬದಿಯಲ್ಲಿ ಏನಿತ್ತು ಗೊತ್ತಾ? ಯಾವ ಹಾಡು ಎಷ್ಟನೇ ಟೇಕು (ಎಷ್ಟನೇ ಸಲ ಹಾಡಿ ಮುದ್ರಿಸಿದ್ದು), ಆಮೇಲೆ ಅದಕ್ಕೇನಾದರೂ ಸೇರಿಸಿದ್ದಾರೋ ಇಲ್ಲವೋ, ಎಲ್ಲ ಅಚ್ಚಾಗಿತ್ತು. ಹೋಟೆಲಿನವನು ಅಡುಗೆಮನೆ ಬಾಗಿಲು ತೆಗೆದಿಟ್ಟ ಹಾಗೆ. ಇದರಲ್ಲೇನೂ ಗುಟ್ಟಿಲ್ಲ, ನೀವೂ ಮಾಡಬಹುದು ಅಂತ ಅರ್ಥ. ಇಂಗ್ಲೆಂಡಿನದೇ ಕ್ರಾಸ್ ಅನ್ನೋ ಪಂಕ್ ಬ್ಯಾಂಡಿನವರು ಇದಕ್ಕಿಂತ ಜಾಸ್ತಿ ಕೊಡಬೇಡಿ ಅಂತ ರೆಕಾರ್ಡಿನ ಮೇಲೇ ಬೆಲೆ ಹಾಕಿಸುತ್ತಿದ್ದರು. ವಾಷಿಂಗ್ಟನ್ನಿನ ಫುಗಾಜಿ ಬ್ಯಾಂಡ್ ವರ್ಷಗಟ್ಟಲೆ ಟಿಕೆಟ್ಟನ್ನು 5 ಡಾಲರಿನ ಆಸುಪಾಸಿನಲ್ಲೇ ಇಟ್ಟುಕೊಂಡಿತ್ತು.

ಈಗ ನಮ್ಮ ಹುಡುಗರ ಲೆಕ್ಕಕ್ಕೆ ಬನ್ನಿ. ಪಬ್ಬುಗಳು ಹಳೇ ಹಿಟ್ ಹಾಡು ಹೊಡೀರಿ ಅನ್ನುತ್ತವೆ, ಅದಕ್ಕೇ ಇವರು ತಾವೇ ಹಾಲ್ ಬಾಡಿಗೆಗೆ ಹಿಡಿದಿದ್ದರು. ಟಿಕೆಟ್ 200 ರೂಪಾಯಿ. ಬಾಗಿಲಲ್ಲಿ ಬಿಸ್ಕತ್ ಡಬ್ಬಿಗೆ ಬಿದ್ದ ದುಡ್ಡಲ್ಲಿ ಮೊದಲು ಕೊಟ್ಟಿದ್ದು ಸೌಂಡ್‌ನವನಿಗೆ. ಐಟಿ ಸಂಬಳ ಇರೋದರಿಂದಲೇ ಬಿಯರ್ ಕಂಪನಿಯ ಬ್ಯಾನರ್ ಬೇಡ ಅನ್ನೋಕೆ ಅವರಿಗೆ ಸಾಧ್ಯವಾಯಿತು. ನೀವು ಅದೇ ಸಂಬಳವನ್ನು ಅವರ ಮೇಲಿನ ಆರೋಪ ಮಾಡಿದ್ದೀರಿ.

ನಿಮ್ಮ ಸಂಶಯವನ್ನು ಪೂರ್ತಿ ತಳ್ಳಿಹಾಕಲಾರೆ. ದಲಿತ-ಬಂಡಾಯದ ಕಾಲದಲ್ಲಿ ನಮ್ಮಲ್ಲೂ ಇದೇ ಜಗಳ ಆಗಿತ್ತಲ್ಲ, ನೋವು ಉಣ್ಣದವರು ನೋವು ಬರೆಯಬಹುದೇ ಅಂತ. ಆ ಪ್ರಶ್ನೆಗೆ ತೂಕ ಇತ್ತು, ಈಗಲೂ ಇದೆ. ಬೇರೆಯವರ ಹಸಿವನ್ನು ತಮ್ಮದು ಅಂತ ಹಾಡಿದ್ದರೆ ನಾನೂ ನಿಮ್ಮ ಕಡೆಯೇ. ಮೊದಲ ಎರಡು ಹಾಡಿನಲ್ಲಿ ಲಂಡನ್ ಉಚ್ಚಾರಣೆ ಮಾಡಿಕೊಂಡು ಇಂಗ್ಲೆಂಡಿನ ರಾಣಿಯನ್ನು ಬೈದರಲ್ಲ, ಅದು ಶುದ್ಧ ಢೋಂಗಿ. (ರಾಣಿಮನೆತನದ ಮೇಲೆ ಸಿಟ್ಟಾಗೋಕೆ ನಮಗೂ ಕಾರಣ ಇದೆ, ಅದು ಬೇರೆ ವಿಷಯ.) ಆದರೆ ಮೂರನೇ ಹಾಡು? ಹತ್ತು ತಿಂಗಳ ಅಡ್ವಾನ್ಸ್ ಇಸ್ಕೊಂಡು, ಮನೆ ಖಾಲಿ ಮಾಡುವಾಗ ಪೇಂಟಿಂಗ್ ಖರ್ಚು ಅಂತ ಮುರಕೊಳ್ಳುವ ಓನರ್ ಮೇಲೆ ಕನ್ನಡದಲ್ಲಿ ಹಾಡಿದ್ದು. ಒಂದೂವರೆ ನಿಮಿಷ. ಹಾಲಿನಲ್ಲಿದ್ದ ಬಾಡಿಗೆದಾರರೆಲ್ಲ ಒಟ್ಟಿಗೆ ಕೂಗಿದರು. ಆ ಸಿಟ್ಟನ್ನು ಅವರು ಎಲ್ಲಿಂದಲೂ ತರಿಸಿದ್ದಲ್ಲ.

ಶ್ರುತಿ ವಿಷಯ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನ ಅಳತೆಗೋಲು ಇಲ್ಲಿ ನಡೆಯೋಲ್ಲ. ಗಿಟಾರಿನ ಮೂರು ಕಾರ್ಡ್‌ಗಳ (ಒಟ್ಟಿಗೆ ಮೀಟುವ ಸ್ವರಗುಚ್ಛಗಳ) ಚಿತ್ರ ಬರೆದು, ಇಷ್ಟು ಸಾಕು, ಬ್ಯಾಂಡ್ ಕಟ್ಟಿ ಅಂತ 1977ರಲ್ಲೇ ಸೈಡ್‌ಬರ್ನ್ಸ್ ಅನ್ನೋ ಪತ್ರಿಕೆ ಹೇಳಿತ್ತು. ಹಾಗಂತ ತಂತಿ ಬಿಗಿ ಮಾಡೋಕೂ ಸೋಮಾರಿತನ ಮಾಡಿ ಅದನ್ನೇ ಪಂಕ್ ಅನ್ನೋದು ನನಗೂ ಸರಿಕಾಣುವುದಿಲ್ಲ.

ಇನ್ನು ಮಗಳ ಟೀಶರ್ಟ್. ಅವಳನ್ನು ಸುಮ್ನೆ ಬಿಡಿ. ರಮೋನ್ಸ್ ಬ್ಯಾಂಡಿನ ನಾಲ್ವರೂ ಅಣ್ಣತಮ್ಮಂದಿರಲ್ಲ, ಆ ಕುಲನಾಮವೇ ಸುಮ್ಮನೆ ಇಟ್ಟುಕೊಂಡಿದ್ದು. 1976ರ ಅವರ ಮೊದಲ ಆಲ್ಬಮ್ ಕೇಳಿಸಿ. 14 ಹಾಡು, 29 ನಿಮಿಷ. ಬಸವನಗುಡಿಯಲ್ಲಿ ಬಸ್ ಹತ್ತಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಮುಗಿಯುತ್ತದೆ. ಟ್ರಾಫಿಕ್ ಇದ್ದರೆ ಎರಡು ಸಲ ಕೇಳಬಹುದು.