ಮೊಮ್ಮಗ ‘ಮೋರೆ’ಗೆ ನಿಂತಿದ್ದಾನೆ

ಪ್ರಶ್ನೆ: ನಾನು ಶಿವಮೊಗ್ಗದವಳು, ವಯಸ್ಸು 68. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅಳಿಯ ಯಹೂದಿ. 15 ವರ್ಷದ ಮೊಮ್ಮಗ ಎಝಡ್‌ಎ ಅನ್ನೋ ಯಹೂದಿ ಹುಡುಗರ ಸಂಘದಲ್ಲಿದ್ದಾನೆ. ಮುಂದಿನ ತಿಂಗಳು, ಮೇನಲ್ಲಿ, ಅಲ್ಲಿ ಚುನಾವಣೆ. ‘ಅಜ್ಜಿ, ನಾನು ಮೋರೆಗೆ ನಿಂತಿದ್ದೇನೆ’ ಅಂದ. ನಮ್ಮಲ್ಲಿ ಮೋರೆ ಅಂದರೆ ಮುಖ ಅಲ್ವಾ? ಸದಸ್ಯರನ್ನು ನೋಡಿಕೊಳ್ಳುವ ಕೆಲಸವಂತೆ. ಹೋದ ವರ್ಷ ಬೇರೆ ಯಾವುದಕ್ಕೋ ನಿಂತು ಸೋತ, ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾತು ಕಡಿಮೆ ಹುಡುಗ. ತಾಯಿ ಯಹೂದಿ ಅಲ್ಲ ಅಂತ ಯಾರಾದರೂ ಚುಚ್ಚಿದರೆ? ಇಷ್ಟು ದೂರದಿಂದ ನಾನೇನು ಮಾಡಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ನನ್ನ ಗಂಡನಿಗೂ ಓದಿ ಹೇಳಿದೆ. ಅವರೂ ಯಹೂದಿ. ನಾವು ಫಿಲಡೆಲ್ಫಿಯಾ ಪಕ್ಕದಲ್ಲಿ 24 ವರ್ಷದಿಂದ ಇದ್ದೇವೆ. ನಮ್ಮ ಮಗಳೂ ಇಂಥದೇ ಒಂದು ಗುಂಪಿನಲ್ಲಿ ಇದೇ ಕೆಲಸಕ್ಕೆ ಎರಡು ಸಲ ನಿಂತವಳು.

ಹೀಬ್ರೂ ಭಾಷೆಯಲ್ಲಿ ‘ಮೋರೆ’ ಅಂದರೆ ಮೇಷ್ಟ್ರು. ಎಝಡ್‌ಎ ಅಂದರೆ ಆಲೆಫ್ ಝಾಡಿಕ್ ಆಲೆಫ್, ಮೂರೂ ಹೀಬ್ರೂ ಅಕ್ಷರಗಳ ಹೆಸರು. 1924ರಲ್ಲಿ ನೆಬ್ರಾಸ್ಕದ ಓಮಹಾ ಊರಿನಲ್ಲಿ ಇದು ಶುರುವಾಯಿತು. ಆಗ ಗ್ರೀಕ್ ಅಕ್ಷರಗಳ ಹೆಸರಿನ ವಿದ್ಯಾರ್ಥಿ ಸಂಘಗಳು ಯಹೂದಿ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾದರೆ ನಮ್ಮದೇ ಅಕ್ಷರದಲ್ಲಿ ನಮ್ಮದೇ ಸಂಘ ಇರಲಿ ಅಂತ ಕಟ್ಟಿಕೊಂಡರು. ಹುಡುಗಿಯರದು ಬಿಬಿಜಿ, 1944ರದು. ಎರಡೂ ಸೇರಿ ಈಗ ಬಿಬಿವೈಒ. ಅಧ್ಯಕ್ಷನಿಗೆ ಗೋದೊಲ್ ಅನ್ನುತ್ತಾರೆ, ಕಾರ್ಯಕ್ರಮ ನೋಡಿಕೊಳ್ಳುವವನಿಗೆ ಸ್ಗಾನ್. ಹೊಸಬರನ್ನು ಕರೆತಂದು, ಸಂಘದ ರೀತಿ ಕಲಿಸಿ, ಉಳಿಸಿಕೊಳ್ಳುವವನು ಮೋರೆ.

ಈ ಉಳಿಸಿಕೊಳ್ಳೋದೇ ಕಷ್ಟದ ಕೆಲಸ. ಸದಸ್ಯರೆಲ್ಲ 8ರಿಂದ 12ನೇ ತರಗತಿಯ ಮಕ್ಕಳು. ಪ್ರತಿ ಬೇಸಿಗೆಯಲ್ಲಿ 12ನೇ ತರಗತಿಯವರು ಕಾಲೇಜಿಗೆ ಹೊರಟುಬಿಡುತ್ತಾರೆ. 8ನೇ ತರಗತಿಯವರು ಬಂದು ನಿಲ್ಲದಿದ್ದರೆ ನಾಲ್ಕೈದು ವರ್ಷದಲ್ಲಿ ಆ ಊರಿನ ಶಾಖೆ ಬಾಗಿಲು ಹಾಕಬೇಕು. ಪಿಜ್ಜಾ ಕೊಡಿಸಿದರೆ ಒಂದು ಸಂಜೆ ಮೂವತ್ತು ಹುಡುಗರು ಬಂದಾರು. ಎರಡನೇ ಸಲ ಎಷ್ಟು ಜನ ಬರುತ್ತಾರೆ ಅನ್ನೋದೇ ಲೆಕ್ಕ.

ನನ್ನ ಮಗಳ ಕತೆ ಹೇಳುತ್ತೇನೆ. ಮೊದಲ ಸಲ ಹೋದಾಗ ಅವಳಿಗೆ 14. ಯಹೂದಿ ಪ್ರಾರ್ಥನಾಮಂದಿರ ಸಿನಗಾಗ್‌ನ ನೆಲಮಾಳಿಗೆ, ಶನಿವಾರ ರಾತ್ರಿ, ಹವ್‌ದಲಾ. ಅಂದರೆ ಶಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಮುಗಿಸುವ ಪೂಜೆ. ಹೆಣೆದ ಮೇಣದಬತ್ತಿ ಹಚ್ಚಿ, ಲವಂಗ ಚಕ್ಕೆ ತುಂಬಿದ ಡಬ್ಬಿಯನ್ನು ಮೂಸುತ್ತಾ ಕೈಯಿಂದ ಕೈಗೆ ಕೊಡುತ್ತಾರೆ. ಎಲ್ಲರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಹಾಡುತ್ತಿದ್ದರಂತೆ. ಇವಳು ಕೋಟು ನೇತುಹಾಕುವ ಗೂಟದ ಹತ್ತಿರ ನಿಂತೇ ಇದ್ದಳು. ಡಬ್ಬಿ ಅವಳವರೆಗೆ ಬರಲೇ ಇಲ್ಲ. ಕಾರಿನಲ್ಲಿ ಕೂತ ಮೇಲೆ, ‘ಅಮ್ಮಾ, ಅದು ನಮ್ಮ ಪಲಾವಿನ ವಾಸನೆ, ಅಲ್ಲಿಂದಲೇ ಗೊತ್ತಾಯ್ತು’ ಅಂದಳು. ನನಗೆ ಗಂಟಲು ಕಟ್ಟಿತು.

ಮೊದಲ ಚುನಾವಣೆಯಲ್ಲಿ ಅವಳ ಭಾಷಣದ ತುಂಬಾ ಯೋಜನೆಗಳು. ಇಷ್ಟು ಕಾರ್ಯಕ್ರಮ, ಇಷ್ಟು ಪೋಸ್ಟರ್, ಐವತ್ತು ಹೊಸಬರು. ಸೋತಳು. ಮುಂದಿನ ವರ್ಷ ಬರೀ ಆ ಡಬ್ಬಿಯ ಮಾತು ಹೇಳಿದಳು. ಆಮೇಲೆ ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಆ ವರ್ಷ ಒಂದೇ ಸಲ ಬಂದು ಹೋದ ಹನ್ನೊಂದು ಮಕ್ಕಳ ಹೆಸರು ಅದರಲ್ಲಿತ್ತು. ಯಾವ ಹುದ್ದೆಯೂ ಇಲ್ಲದೆ ಅಷ್ಟೂ ಜನರಿಗೆ ಫೋನ್ ಮಾಡಿದ್ದಳು. ನಾಲ್ಕು ಮಕ್ಕಳು ವಾಪಸ್ ಬಂದು, ಅವತ್ತು ಅಲ್ಲೇ ಕೂತಿದ್ದರು. ಗೆದ್ದಳು. ಸೋತಿದ್ದರೂ ಆ ನಾಲ್ಕು ಮಕ್ಕಳು ಅಲ್ಲೇ ಇರುತ್ತಿದ್ದರು.

ಅದಕ್ಕೇ ಅಮ್ಮಾ, ಮಾತು ಕಡಿಮೆ ಅಂತ ಹೆದರಬೇಡಿ. ಮೂಲೆಯಲ್ಲಿ ಸುಮ್ನೆ ನಿಂತ ಹುಡುಗನ ಕಷ್ಟ ಮೂಲೆಯಲ್ಲಿ ನಿಂತವನಿಗೇ ಮೊದಲು ಕಾಣುತ್ತದೆ. ಒಂದು ಲೆಕ್ಕದಲ್ಲಿ ಮೋರೆಯ ಕೆಲಸ ಮೋರೆ ನೋಡುವುದೇ. ಆದರೆ ಸಪ್ಪೆ ಮೋರೆ ಕಂಡರೆ ಎದ್ದು ಹೋಗಿ ಮಾತಾಡಬೇಕು. ಅದನ್ನು ಚುನಾವಣೆಗೆ ಮೊದಲೇ ಶುರುಮಾಡು ಅಂತ ಹೇಳಿ.

ತಾಯಿಯ ವಿಷಯ. ಚುಚ್ಚುವವರು ಇರಬಹುದು, ಇಲ್ಲವೆನ್ನಲಾರೆ. ಹಳೆಯ ಧರ್ಮಶಾಸ್ತ್ರದಂತೆ ಹುಟ್ಟಿನಿಂದ ಯಹೂದಿ ಆಗಬೇಕಾದರೆ ತಾಯಿ ಯಹೂದಿ ಆಗಿರಬೇಕು. ಅಮೆರಿಕದ ರಿಫಾರ್ಮ್ ಎಂಬ ಉದಾರ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ, ತಂದೆ ಯಹೂದಿಯಾಗಿದ್ದು ಮಗು ಆ ಧರ್ಮದಲ್ಲಿ ಬೆಳೆದರೂ ಸರಿ ಎಂದರು. ಎಝಡ್‌ಎ ಒಂದೇ ಪಂಥದ್ದಲ್ಲ. ಎಲ್ಲ ಬಗೆಯ ಮನೆಯ ಹುಡುಗರೂ ಅಲ್ಲಿ ಪಕ್ಕಪಕ್ಕ ಕೂರುತ್ತಾರೆ. ಭಾಷಣ ಆದಮೇಲೆ ಪ್ರಶ್ನೆ ಕೇಳುವುದು ಸಾಮಾನ್ಯ. ಆಗ ಯಾರಾದರೂ ಕೆಣಕಿದರೆ ಅವನು ವಾದಕ್ಕೆ ಇಳಿಯಬಾರದು. ‘ನಾನು ಇಲ್ಲಿಯವನೇನಾ ಅಂತ ನನಗೂ ಅನ್ನಿಸಿದೆ. ಹೊಸಬನಿಗೂ ಹಾಗೇ ಅನ್ನಿಸುತ್ತದೆ, ಅವನ ಪಕ್ಕ ನಾನು ಕೂರುತ್ತೇನೆ’ ಅಂದರೆ ಸಾಕು. ಅದು ಅವನ ನಿಜ ಅಲ್ವಾ? ನಿಮ್ಮ ಮಗಳ ಹೆಸರನ್ನೂ ಶಿವಮೊಗ್ಗದ ಹೆಸರನ್ನೂ ಅವನು ಮುಚ್ಚಿಡುವುದು ಬೇಡ.

ನೀವು ಮಾಡಬೇಕಾದ್ದು ಒಂದಿದೆ. ಈಗ ಅವರಿಗೂ ನಿಮಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ನೀವು ಬೆಳಗ್ಗೆ ಏಳಕ್ಕೆ ಕಾಫಿ ಹಿಡಿದು ಕೂತರೆ ಅವನಿಗೆ ರಾತ್ರಿ ಒಂಬತ್ತೂವರೆ. ಆ ಹೊತ್ತಿಗೆ ಫೋನ್ ಮಾಡಿ ಭಾಷಣವನ್ನು ನಿಮಗೆ ಓದಿ ಹೇಳಲಿ. ಇಂಗ್ಲಿಷ್ ಎಲ್ಲ ಅರ್ಥವಾಗದಿದ್ದರೂ ಪರವಾಗಿಲ್ಲ. ಎಲ್ಲಿ ಅವನ ದನಿ ಓದಿದ ಹಾಗೆ ಆಗುತ್ತದೆ, ಎಲ್ಲಿ ಮಾತಾಡಿದ ಹಾಗೆ ಇರುತ್ತದೆ, ಅದು ಅಜ್ಜಿಗೆ ತಿಳಿಯುತ್ತದೆ. ಓದಿದ ಹಾಗಿರೋದನ್ನು ತೆಗೆಸಿಬಿಡಿ. ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ.

ಇನ್ನೊಂದು ಮಾತು. ‘ಮಝಲ್ ಟೋವ್’ ಎಂದು ಮೊದಲೇ ಹಾರೈಸಬೇಡಿ. ಅದು ಒಳ್ಳೆಯದಾದ ಮೇಲೆ ಹೇಳುವ ಮಾತು. ಹೊರಡುವ ಮುಂಚೆ ‘ಬೆಹತ್ಸ್ಲಖಾ’, ಅಂದರೆ ಯಶಸ್ಸಾಗಲಿ, ಅನ್ನಬೇಕು. ನಾಲಗೆ ತಿರುಗೋದು ಸ್ವಲ್ಪ ಕಷ್ಟ, ನಾನೂ ವಾರಗಟ್ಟಲೆ ಅಭ್ಯಾಸ ಮಾಡಿದ್ದೆ. ಏನಾಯಿತು ಅಂತ ನನಗೂ ಬರೆಯಿರಿ.