ಡ್ರಾಫ್ಟ್‌ನಲ್ಲಿ ಹತ್ತನೇ ಸರದಿ ಬಂದರೆ?

ಪ್ರಶ್ನೆ: ಐಪಿಎಲ್ ಫ್ಯಾಂಟಸಿ ಆಡಿ ಗೊತ್ತು. ಈಗ ಇಲ್ಲಿ ಆಫೀಸಿನವರ ಫ್ಯಾಂಟಸಿ ಬೇಸ್‌ಬಾಲ್ ಲೀಗ್‌ಗೆ ಸೇರಿದ್ದೇನೆ. 12 ತಂಡ, ಸರದಿಯಂತೆ ಆಟಗಾರರನ್ನು ಆರಿಸುವ ಸ್ನೇಕ್ ಡ್ರಾಫ್ಟ್, ಐದು ಬ್ಯಾಟಿಂಗ್ ಐದು ಪಿಚಿಂಗ್ ವಿಭಾಗಗಳಲ್ಲಿ ಅಂಕ. ಚೀಟಿ ಎತ್ತಿದಾಗ ನನಗೆ 10ನೇ ಸರದಿ ಬಂತು. ಅಷ್ಟರಲ್ಲಿ ಒಳ್ಳೆಯವರೆಲ್ಲ ಖಾಲಿ ಅಲ್ವಾ? ಒಬ್ಬ ದೊಡ್ಡ ಪಿಚರ್‌ನನ್ನು (ನಮ್ಮ ಬೌಲರ್ ಇದ್ದ ಹಾಗೆ) ತೆಗೆದುಕೊಂಡುಬಿಡಲೇ?
— ಅಮೆರಿಕದ ಸನ್ನಿವೇಲ್‌ನ ಓದುಗರು

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, 10 ಒಳ್ಳೆಯ ಜಾಗ. ಐಪಿಎಲ್ ಆಟದಲ್ಲಿ ಎಲ್ಲರೂ ಕೊಹ್ಲಿಯನ್ನು ಇಟ್ಟುಕೊಳ್ಳಬಹುದು. ಇಲ್ಲಿ ಒಬ್ಬ ಆಟಗಾರ ಒಬ್ಬರಿಗೇ. ಹಾಗಾಗಿ ಸರದಿಯ ಲೆಕ್ಕ ಮುಖ್ಯ.

ಸ್ನೇಕ್ ಡ್ರಾಫ್ಟ್ ಅಂದರೆ ಮದುವೆ ಊಟದ ಪಂಕ್ತಿ ಇದ್ದ ಹಾಗೆ. ಪಾಯಸದ ಬಕೆಟ್ ಈ ತುದಿಯಿಂದ ಹೊರಟು ಆ ತುದಿ ಮುಟ್ಟಿ, ಅಲ್ಲಿಂದಲೇ ಬಡಿಸುತ್ತಾ ವಾಪಸ್ ಬರುತ್ತದೆ. ನಿಮಗೆ ಮೊದಲ ಸೌಟು ತಡ, ಎರಡನೆಯದು ಬೇಗ. 10ನೆಯವರೂ ನಿಮ್ಮವರು, 15ನೆಯವರೂ ನಿಮ್ಮವರು. ನಡುವೆ ಹೋಗುವುದು ನಾಲ್ಕೇ ಹೆಸರು. ಆಮೇಲೆ ಮಾತ್ರ 34ರವರೆಗೆ ಕಾಯಬೇಕು. ಆದ್ದರಿಂದ ಮೊದಲ ಇಬ್ಬರನ್ನು ಜೋಡಿಯಾಗಿ ಯೋಚಿಸಿ. ಒಬ್ಬರು ಹೋಂ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆಯುವವರಾದರೆ ಇನ್ನೊಬ್ಬರು ಬೇಸ್ ಕದಿಯುವವರಾಗಿರಲಿ, ಅಂದರೆ ಚೆಂಡು ಹೊಡೆಯುವುದನ್ನು ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡುವವರು.

ಪಿಚರ್ ಬೇಡ ಎನ್ನುತ್ತೇನೆ. 162 ಪಂದ್ಯಗಳ ಸೀಸನ್‌ನಲ್ಲಿ ಒಳ್ಳೆಯ ಬ್ಯಾಟರ್ ಹೆಚ್ಚುಕಡಿಮೆ ದಿನಾ ಆಡುತ್ತಾರೆ. ಸ್ಟಾರ್ಟಿಂಗ್ ಪಿಚರ್, ಅಂದರೆ ಪಂದ್ಯ ಶುರುಮಾಡುವ ಪಿಚರ್, ಐದಾರು ದಿನಕ್ಕೊಮ್ಮೆ. ಅದಕ್ಕಿಂತ ಜಾಸ್ತಿ ಭಯ ಮೊಣಕೈಯದು. ಅಟ್ಲಾಂಟಾ ತಂಡದ ಪಿಚರ್ ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ 20 ಗೆಲುವು, 281 ಸ್ಟ್ರೈಕ್‌ಔಟ್ (ಪಿಚರ್ ತಾನೇ ಬ್ಯಾಟರ್‌ನನ್ನು ಔಟ್ ಮಾಡುವುದು) ಪಡೆದರು. ಮರುವರ್ಷ ಎರಡೇ ಪಂದ್ಯ ಆಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಬ್ಯಾಟರ್‌ಗಳಿಗೂ ಪೆಟ್ಟಾಗುತ್ತದೆ, ನಿಜ. ಅದೇ ತಂಡದ ರೊನಾಲ್ಡ್ ಅಕುನ್ಯಾ 2023ರಲ್ಲಿ 41 ಹೋಂ ರನ್ ಹೊಡೆದು, 73 ಬೇಸ್ ಕದ್ದು, 2024ರ ಮೇ ತಿಂಗಳಲ್ಲಿ ಮಂಡಿ ಗಾಯದಿಂದ ಹೊರಗುಳಿದರು. ಆದರೂ ವರ್ಷವರ್ಷವೂ ಗಾಯದ ಪಟ್ಟಿಯಲ್ಲಿ ಪಿಚರ್‌ಗಳ ಹೆಸರು ನೋಡಿ ನೋಡಿ, ಮೊದಲೆರಡು ಸುತ್ತಿನಲ್ಲಿ ನಾನು ಅವರನ್ನು ಮುಟ್ಟುವುದಿಲ್ಲ.

ಬೇಸ್ ಕದಿಯುವವರಿಗಾಗಿ ಗಾಬರಿಯಾಗಿ ಓಡಬೇಡಿ. 2023ರಲ್ಲಿ ಬೇಸ್‌ನ ಅಳತೆ 15 ಇಂಚಿನಿಂದ 18ಕ್ಕೆ ಹೋಯಿತು. ಪಿಚರ್ ಓಟಗಾರನತ್ತ ಚೆಂಡು ಎಸೆದು ತಡೆಯುವುದಕ್ಕೂ ಮಿತಿ ಬಂತು. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳು 3,503ಕ್ಕೆ ಏರಿದವು. ಮಧ್ಯದ ಸುತ್ತುಗಳಲ್ಲೂ ಈಗ ಓಡುವವರು ಸಿಗುತ್ತಾರೆ.

ಡ್ರಾಫ್ಟ್ ರಾತ್ರಿ ನಮ್ಮ ಅಡುಗೆಮನೆ ಮೇಜಿನ ಮೇಲೆ ಒಂದು ಗೆರೆ ಪುಸ್ತಕ ಇರುತ್ತದೆ. ಪ್ರತಿ ಸ್ಥಾನಕ್ಕೆ ಒಂದು ಪುಟ. ಹೆಚ್ಚುಕಡಿಮೆ ಒಂದೇ ಮಟ್ಟದವರನ್ನು ಒಟ್ಟಿಗೆ ಬರೆದು ಕೆಳಗೆ ಅಡ್ಡಗೆರೆ ಎಳೆದಿರುತ್ತೇನೆ. ಹೋದ ಹೆಸರನ್ನು ಮಗಳು ಕೆಂಪು ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತಾಳೆ. “ಅಮ್ಮಾ, ಸೆಕೆಂಡ್ ಬೇಸ್‌ನಲ್ಲಿ ಗೆರೆ ಮೇಲೆ ಒಬ್ಬರೇ ಉಳಿದರು” ಅಂದಳೋ, ನನ್ನ ಮುಂದಿನ ಆಯ್ಕೆ ಅವರೇ. ಔಟ್‌ಫೀಲ್ಡ್ ಪುಟದಲ್ಲಿ ಇನ್ನೂ ಆರು ಜನ ಇದ್ದರೆ ಅವರು ಕಾಯಲಿ. ಈ ಪುಸ್ತಕ ನೀವೂ ಮಾಡಿ. ಎರಡು ಸಂಜೆಯ ಕೆಲಸ.

ಪ್ರಶ್ನೆ: ಒಬ್ಬರೇ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದ ಹಾಗೆ) ಬೇಕಿರುವ ಲೀಗ್. ಒಳ್ಳೆಯ ಕ್ಯಾಚರ್ ಕಡಿಮೆ, ಬೇಗ ತೆಗೆದುಕೊಳ್ಳಲೇ?
— ಡಲ್ಲಾಸ್‌ನ ಓದುಗರು

ಉತ್ತರ: ಬೇಡ, ಕೊನೆಯ ಸುತ್ತುಗಳಿಗೆ ಬಿಡಿ. ದಿನವೆಲ್ಲ ಕುಕ್ಕರಗಾಲಲ್ಲಿ ಕೂರುವ ಕೆಲಸ. ವಾರಕ್ಕೆ ಒಂದೆರಡು ದಿನ ಅವರಿಗೆ ವಿಶ್ರಾಂತಿ ಕೊಡುತ್ತಾರೆ, ಆ ದಿನಗಳ ಲೆಕ್ಕ ನಿಮಗೆ ಸಿಗುವುದಿಲ್ಲ. ಇಬ್ಬರು ಕ್ಯಾಚರ್ ಬೇಕಿರುವ ಲೀಗ್ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು.