ಓದುಗರ ಪ್ರಶ್ನೆ: ‘ನನಗೇನು ಹುಚ್ಚಾ?’ ಎನ್ನುವ ಗಂಡನನ್ನು ಉಳಿಸಿಕೊಳ್ಳುವುದು ಹೇಗೆ?

*ನನ್ನ ಗಂಡನಿಗೆ 38 ವರ್ಷ. ಶುಂಠಿ ಬೆಳೆದು ಎರಡು ವರ್ಷದಿಂದ ಕೈ ಸುಟ್ಟುಕೊಂಡಿದ್ದಾರೆ. ಸೊಸೈಟಿ ಸಾಲದ ಜೊತೆ ಕೈಸಾಲವೂ ಇದೆ. ಮೂರು ತಿಂಗಳಿಂದ ನಸುಕಿನ ಮೂರಕ್ಕೇ ಎದ್ದು ಕೂತಿರುತ್ತಾರೆ, ಊಟ ಸೇರುತ್ತಿಲ್ಲ. ಮೊನ್ನೆ “ನಾನಿಲ್ಲದಿದ್ರೆ ನೀವೆಲ್ಲ ಆರಾಮಾಗಿರ್ತೀರಿ” ಅಂದರು. ಡಾಕ್ಟರ ಹತ್ತಿರ ಹೋಗೋಣ ಎಂದರೆ “ನನಗೇನು ಹುಚ್ಚಾ?” ಎಂದು ರೇಗುತ್ತಾರೆ. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ನಾನೇ ಮಾತೆತ್ತಿದರೆ ಆ ಯೋಚನೆ ಇನ್ನೂ ಹೆಚ್ಚುತ್ತದೋ ಎಂದು ಭಯ. — ಓದುಗರು, ಸಕಲೇಶಪುರ ತಾಲ್ಲೂಕು*

ನೇರವಾಗಿ ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಹೆಚ್ಚುವುದೂ ಇಲ್ಲ. ಒಬ್ಬರೇ ಹೊತ್ತು ತಿರುಗುತ್ತಿರುವವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಅತ್ತೆ ಮಾವನ ಎದುರಲ್ಲಿ ಬೇಡ, ಅವರು ಕುಡಿದಿರುವಾಗಲೂ ಬೇಡ. ಇಬ್ಬರೇ ಇದ್ದಾಗ ಕೇಳಿ: “ರೀ, ಸಾಯಬೇಕು ಅಂತ ಅನ್ನಿಸ್ತಿದೆಯಾ?” ಹೌದು ಎಂದರೆ, “ಹೇಗೆ, ಯಾವಾಗ ಅಂತ ಏನಾದ್ರೂ ಯೋಚಿಸಿದ್ದೀರಾ?” ಎಂದೂ ಕೇಳಬೇಕು. ಅಪಾಯ ಎಷ್ಟು ಹತ್ತಿರ ಬಂದಿದೆ ಎಂಬುದು ಈ ಎರಡನೇ ಪ್ರಶ್ನೆಯಿಂದಲೇ ತಿಳಿಯುವುದು. “ಅಂಥದ್ದೇನೂ ಇಲ್ಲ ತಾನೆ?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವನ್ನು ನಾವೇ ಬಾಯಿಗಿಟ್ಟ ಹಾಗೆ. ಕೇಳಿದ ಮೇಲೆ ಸುಮ್ಮನಿರಿ. “ಮಕ್ಕಳ ಮುಖ ನೋಡಿಯಾದರೂ...” ಎಂಬ ಮಾತು ಈಗ ಬೇಡ. ಮನೆಯವರಿಗೆ ಹೊರೆಯಾಗಿದ್ದೇನೆ ಎಂದುಕೊಂಡವರಿಗೆ ಅದು ಇನ್ನೊಂದು ತಪ್ಪಿತಸ್ಥ ಭಾವನೆ ಸೇರಿಸುತ್ತದೆ, ಅಷ್ಟೇ.

ಚಿಕಿತ್ಸೆಗೆ ಅವರು ಒಪ್ಪಬೇಕು, ನಿಜ. ಆದರೆ ಮನೆಯನ್ನು ಭದ್ರ ಮಾಡಲು ಅವರ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಸಾಯಬೇಕೆಂಬ ಒತ್ತಡ ಉಕ್ಕಿ ಬರುವುದು ಎಷ್ಟೋ ಸಲ ಕೆಲವು ನಿಮಿಷ, ಕೆಲವು ಗಂಟೆಯ ಮಟ್ಟಿಗೆ. ಆ ಹೊತ್ತಿನಲ್ಲಿ ಕೈಗೆಟಕುವುದು ಏನೂ ಇಲ್ಲದಿದ್ದರೆ ಹೆಚ್ಚಿನವರು ಬದುಕುತ್ತಾರೆ. ಶ್ರೀಲಂಕಾ 1995ರ ನಂತರ ತೀವ್ರ ವಿಷದ ಕೀಟನಾಶಕಗಳನ್ನು ನಿಷೇಧಿಸಿದಾಗ, ಮುಂದಿನ ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಆದ್ದರಿಂದ ಇವತ್ತೇ, ಶೆಡ್ಡಿನಲ್ಲಿ ಉಳಿದಿರುವ ಔಷಧಿ ಡಬ್ಬಗಳನ್ನೆಲ್ಲ ನಂಬಿಕಸ್ಥರ ಮನೆಗೆ ಸಾಗಿಸಿ. ಬೀಗ ಹಾಕಿ ಕೀಲಿಯನ್ನು ಅದೇ ಮೊಳೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ. ಸಿಂಪಡಣೆ ಇದ್ದ ದಿನ ಅವತ್ತಿಗೆ ಬೇಕಾದಷ್ಟೇ ತರಿಸಿ, ಬೇರೆಯವರಿಂದ ಹೊಡೆಸಿ. ಬೆಳೆ ಕಾವಲಿನ ಕೋವಿ ಇದ್ದರೆ, ಚುನಾವಣೆಯಲ್ಲಿ ಮಾಡುವ ಹಾಗೆ ಠಾಣೆಗೆ ಒಪ್ಪಿಸಬಹುದೇ ಎಂದು ಕೇಳಿ. ಮನೆಯಲ್ಲಿರುವ ಬಿಪಿ, ಶುಗರ್, ನಿದ್ದೆಯ ಮಾತ್ರೆಗಳನ್ನು ಎಲ್ಲರೂ ಮರೆಯುತ್ತಾರೆ. ಒಂದು ವಾರಕ್ಕಾಗುವಷ್ಟು ಮಾತ್ರ ನಿಮ್ಮ ವಶದಲ್ಲಿರಲಿ. ಮನೆಯಲ್ಲಿ ಮದ್ಯ ಬೇಡ, ಕುಡಿತ ಹಿಡಿತ ತಪ್ಪಿಸುತ್ತದೆ. ಇದನ್ನೆಲ್ಲ ಕದ್ದುಮುಚ್ಚಿ ಮಾಡುವುದಕ್ಕಿಂತ “ಸ್ವಲ್ಪ ದಿನದ ಮಟ್ಟಿಗೆ ತೆಗೆಸಿದ್ದೀನಿ” ಎಂದು ಹೇಳಿಬಿಡುವುದು ಮೇಲು. ಎಲ್ಲಿಟ್ಟಿದ್ದೀರಿ ಎಂದು ಹೇಳಬೇಡಿ.

ಆಣೆಯ ಬಗ್ಗೆ: ಮುರಿಯಿರಿ. “ಬೇರೆ ಯಾವ ಗುಟ್ಟಾದ್ರೂ ಇಟ್ಕೋತೀನಿ, ಇದೊಂದು ಆಗಲ್ಲ” ಎಂದು ಅವರಿಗೇ ಹೇಳಿ, ಇಬ್ಬರಿಗೆ ತಿಳಿಸಿ. ಯಾರಿಗೆ ಎಂಬುದು ಮುಖ್ಯ. ಬುದ್ಧಿ ಹೇಳುವ ಹಿರಿಯರಲ್ಲ, ರಾತ್ರಿ ಬಂದು ಪಕ್ಕದಲ್ಲಿ ಮಲಗಬಲ್ಲವರು ಬೇಕು.

ಇನ್ನು ಒಪ್ಪಿಸುವ ವಿಷಯ. “ನನಗೇನು ಹುಚ್ಚಾ” ಎಂಬುದರ ಹಿಂದೆ ಬೇರೆ ಬೇರೆ ಅಂಜಿಕೆ ಇರುತ್ತದೆ: ಊರಿಗೆ ಗೊತ್ತಾಗುತ್ತದೆ, ಮಾತ್ರೆ ಚಟವಾಗುತ್ತದೆ, ದುಡ್ಡು ಖರ್ಚಾಗುತ್ತದೆ. ಯಾವುದೆಂದು ಕೇಳಿಕೊಂಡು ಅದಕ್ಕೆ ಮಾತ್ರ ಉತ್ತರ ಕೊಡಿ. ಖಿನ್ನತೆಯ ಹೆಸರೇ ಎತ್ತದೆ ನಿದ್ದೆಯಿಂದ ಶುರು ಮಾಡಬಹುದು. ನಸುಕಿಗೇ ಎಚ್ಚರವಾಗುವುದು, ಊಟ ಸೇರದಿರುವುದು ಖಿನ್ನತೆಯ ಲಕ್ಷಣಗಳೇ. “ನಿದ್ದೆಗೆ ಏನಾದ್ರೂ ಕೇಳೋಣ” ಎಂದರೆ ಮಾಮೂಲಿ ಡಾಕ್ಟರ ಹತ್ತಿರ ಬಂದಾರು. ಮೊದಲೇ ನೀವು ಆ ಡಾಕ್ಟರಿಗೆ ಫೋನಿನಲ್ಲೋ ಚೀಟಿಯಲ್ಲೋ ಸಾಯುವ ಮಾತನ್ನು ತಿಳಿಸಿ. ರೋಗಿಯ ಗುಟ್ಟನ್ನು ಡಾಕ್ಟರು ನಿಮಗೆ ಹೇಳುವಂತಿಲ್ಲದಿರಬಹುದು, ನೀವು ಹೇಳುವುದನ್ನು ಕೇಳಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಮೊದಲು ನೀವೇ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲಿ, ಮನೆಯವರೂ ಮಾತಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಯಾವ ವಾರವೆಂದು ಫೋನ್ ಮಾಡಿ ತಿಳಿದುಕೊಳ್ಳಿ. “ತವರಿಗೆ ಹೋಗ್ತೀನಿ” ಎಂಬ ಬೆದರಿಕೆ ಬೇಡ. “ನನಗೋಸ್ಕರ ಒಂದೇ ಸಲ ಬನ್ನಿ” ಎಂಬ ಸಣ್ಣ ಕೋರಿಕೆ ಅದಕ್ಕಿಂತ ಚೆನ್ನಾಗಿ ನಾಟುತ್ತದೆ.

ಮಾತ್ರೆ ಶುರುವಾದ ಮೇಲೆ ಸಾಮಾನ್ಯವಾಗಿ ಕೆಡುವುದು ಇಲ್ಲಿ: ಖಿನ್ನತೆಯ ಮಾತ್ರೆ ಕೆಲಸ ತೋರಿಸಲು 2ರಿಂದ 4 ವಾರ ಬೇಕು, ಹತ್ತನೇ ದಿನಕ್ಕೇ “ಏನೂ ಉಪಯೋಗವಿಲ್ಲ” ಎಂದು ಬಿಟ್ಟುಬಿಡುತ್ತಾರೆ. ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ ತಕ್ಷಣ ಡಾಕ್ಟರಿಗೆ ಹೇಳಿ. ಆ ದಿನಗಳಲ್ಲಿ ಒಂದು ಚೀಟಿಯಲ್ಲಿ ಅವರ ಕೈಯಿಂದಲೇ ಬರೆಸಿ: ಯಾವಾಗ ಯೋಚನೆ ಕೆಡುತ್ತದೆ, ಆಗ ಏನು ಮಾಡಿದರೆ ಹಗುರಾಗುತ್ತದೆ, ಯಾರಿಗೆ ಫೋನ್ ಮಾಡುವುದು, 14416. ಅದು ಅವರ ಜೇಬಿನಲ್ಲಿರಲಿ. ಸಾಲ ಕೊಟ್ಟವರ ಫೋನನ್ನು ಸದ್ಯಕ್ಕೆ ಭಾವನೋ ಮೈದುನನೋ ಎತ್ತಲಿ.

ಒಪ್ಪಿಗೆಗೆ ಕಾಯಬಾರದ ಹೊತ್ತೂ ಇದೆ. ದಿನ, ವಿಧಾನ ನಿರ್ಧರಿಸಿದ್ದರೆ, ವಸ್ತು ಕೂಡಿಟ್ಟಿದ್ದರೆ, ವಿದಾಯದ ಮಾತು ಆಡಿದರೆ, ಕಂಗೆಟ್ಟಿದ್ದವರು ಇದ್ದಕ್ಕಿದ್ದಂತೆ ಶಾಂತರಾಗಿ ಪಾಸ್‌ಬುಕ್, ಪಹಣಿ ಒಪ್ಪಿಸತೊಡಗಿದರೆ, ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಇನ್ನೊಬ್ಬರನ್ನು ಕರೆದುಕೊಂಡು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗಾಡಿಯಿಲ್ಲದಿದ್ದರೆ 108, ಬಿಡಿಸಿಕೊಂಡು ಹೊರಟರೆ 112. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ, ಇಂಥ ತುರ್ತಿನಲ್ಲಿ ನೋಂದಾಯಿತ ವೈದ್ಯರು ಯಾರೇ ಆದರೂ ಗರಿಷ್ಠ 72 ಗಂಟೆ ಚಿಕಿತ್ಸೆ ಕೊಡಬಹುದು. ಏನಾದರೂ ಕುಡಿದಿದ್ದಾರೆ ಎಂಬ ಅನುಮಾನ ಬಂದರೆ, ಆರಾಮಾಗಿ ಕಂಡರೂ ಹೊರಟುಬಿಡಿ. ಡಬ್ಬ ಅಥವಾ ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು.

*ಹೆರಿಗೆಯಾಗಿ ಎರಡು ವಾರ, ಹೆಂಡತಿ ತವರಲ್ಲಿದ್ದಾಳೆ. ನಾಲ್ಕು ದಿನದಿಂದ ನಿದ್ದೆಯಿಲ್ಲ, “ನಾನೂ ಮಗುನೂ ಇರಬಾರದು” ಅನ್ನುತ್ತಾಳೆ. ಬಾಣಂತಿ ಸನ್ನಿ, ತಾನೇ ಹೋಗುತ್ತದೆ ಎಂದು ಅತ್ತೆ ಆಸ್ಪತ್ರೆ ಬೇಡ ಅನ್ನುತ್ತಾರೆ. — ಓದುಗರು, ತುಮಕೂರು*

ಇವತ್ತೇ ಹೊರಡಿ. ಹೆರಿಗೆಯ ಬಳಿಕದ ಮೊದಲ ವಾರಗಳಲ್ಲಿ, ಮಗು ಮಲಗಿದಾಗಲೂ ನಿದ್ದೆ ಬಾರದೆ ಇಂಥ ಮಾತು ಬರುತ್ತಿದ್ದರೆ ಅದು ತುರ್ತು ಕಾಯಿಲೆ. ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬೇಡಿ. ಮಗುವನ್ನು ಅಗಲಿಸುತ್ತಾರೆ ಎಂಬ ಹೆದರಿಕೆ ಇದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ಇರಿಸಿಕೊಳ್ಳುವ ವಾರ್ಡ್ ಇದೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಆಯ್ಕೆ ವೈದ್ಯರದ್ದು. ಅತ್ತೆಯೊಂದಿಗೆ ವಾದಕ್ಕೆ ಕೂರಬೇಡಿ, ಮಗುವನ್ನು ನೋಡಿಕೊಳ್ಳಲು ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

*ನನ್ನ ಪತಿ ಒಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದಾರೆ. ಪೊಲೀಸ್ ಕೇಸಾಗುತ್ತದೆಂದು ಆಸ್ಪತ್ರೆಗೆ ಬರಲು ಹೆದರುತ್ತಾರೆ. — ಓದುಗರು, ಗದಗ*

2017ರ ಕಾಯ್ದೆಯ 115ನೇ ಸೆಕ್ಷನ್, ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಬೇರೆ ರೀತಿ ಸಾಬೀತಾಗದ ಹೊರತು ಶಿಕ್ಷಿಸಬಾರದು ಎನ್ನುತ್ತದೆ. ಯತ್ನವನ್ನೇ ಅಪರಾಧವೆನ್ನುತ್ತಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕಲು ಯತ್ನಿಸಿದರೆ ಮಾತ್ರ ಬೇರೊಂದು ಸೆಕ್ಷನ್ ಇದೆ. ಯತ್ನ ನಡೆದ ದಿನ ಆಸ್ಪತ್ರೆಯವರು ಠಾಣೆಗೆ ತಿಳಿಸುವುದುಂಟು, ಹೇಳಿಕೆ ಪಡೆಯಲು ಪೊಲೀಸರು ಬರಬಹುದು. ಅದಕ್ಕೆ ಹೆದರಿ “ಜಾರಿ ಬಿದ್ದರು” ಎಂದೆಲ್ಲ ಡಾಕ್ಟರಿಗೆ ಸುಳ್ಳು ಹೇಳಿದರೆ ಚಿಕಿತ್ಸೆಯೇ ತಪ್ಪುತ್ತದೆ. ಈಗ ಹೊರರೋಗಿಯಾಗಿ ಮನೋವೈದ್ಯರನ್ನು ಕಾಣುವುದಕ್ಕೂ ಪೊಲೀಸರಿಗೂ ಸಂಬಂಧವಿಲ್ಲ. ಹಿಂದೆ ಯತ್ನಿಸಿದವರಲ್ಲಿ ಅಪಾಯ ಹೆಚ್ಚು, ಹಾಗಾಗಿ ತಡಮಾಡಬೇಡಿ.